ರಾಗಿ ಕಾಳಿನೊಳಗಿನ ನೂಲು

ಮಗುವಿನ ರಾಗಿ ಸರಿಗೆಂದು ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದನ್ನು ತಾವೆಲ್ಲರೂ ಕಂಡಿದ್ದೀರಿ. ಗಂಟು ಬಿಚ್ಚಿದಾಗ ಮೊಳಕೆ ಬೆಳ್ಳಗಿರುತ್ತದೆ. ಅದರಲ್ಲಿ ಒಂದು ಹಿಡಿಯನ್ನು ಹಿತ್ತಲಿನ ಮಣ್ಣಿಗೆ ಚೆಲ್ಲಿ ನಾಲ್ಕು ದಿನ ನೀರು ಹನಿಸಿರಿ. ಬಿಸಿಲು ಕಂಡ ಚಿಗುರು ಹಸಿರಾಗುತ್ತದೆ. ಹಸಿರಾಗುವ ವಿದ್ಯೆ ಕಾಳಿಗೆ ಹೊರಗಿನಿಂದ ಬಂದುದಲ್ಲ. ಗಂಟಿನ ಕತ್ತಲೆಯಲ್ಲಿಯೂ ಅದು ಒಳಗೇ ಇತ್ತು. ಹಾಗಾದರೆ ಅಲ್ಲಿ ಏಕೆ ಸುಮ್ಮನಿತ್ತು?

ಉತ್ತರಕ್ಕಾಗಿ ಜೀವಕೋಶದೊಳಕ್ಕೆ ಇಣುಕಬೇಕು. ಗಿಡದ ಬಹುತೇಕ ಕೋಶಗಳಲ್ಲಿ ಕೋಶಕೇಂದ್ರವೆಂಬ ಚಿಕ್ಕ ಚೀಲವೊಂದಿದೆ. ಅದರ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟೂ ಇರಲಾರದು. ರಾಗಿಯ ಕೋಶಕೇಂದ್ರದಲ್ಲಿ 36 ವರ್ಣತಂತುಗಳಿವೆ. ಅವುಗಳಲ್ಲಿರುವ ಡಿ.ಎನ್.ಎ. ನೂಲನ್ನು ಬಿಡಿಸಿ, ತುದಿಗೆ ತುದಿ ಜೋಡಿಸಿದರೆ ಸುಮಾರು ಒಂದು ಮೀಟರು ಉದ್ದವಾದೀತು! ಗಿಡದ ಗುಣಗಳನ್ನು ಹೊತ್ತ ವಂಶವಾಹಿಗಳು, ಅಂದರೆ ಜೀನುಗಳು, ಈ ನೂಲಿನ ಮೇಲೆಯೇ ಅಲ್ಲಲ್ಲಿ ಇವೆ.

ಇಷ್ಟುದ್ದದ ನೂಲು ಅಷ್ಟು ಸಣ್ಣ ಚೀಲದಲ್ಲಿ ಹಿಡಿಯುವುದು ಮಡಿಕೆಯ ಜಾಣ್ಮೆಯಿಂದ. ಎಂಟು ಪ್ರೋಟೀನುಗಳು ಸೇರಿ ಆದ ಪುಟ್ಟ ಉಂಡೆಯೊಂದಕ್ಕೆ ನೂಲು ಎರಡು ಸುತ್ತಿಗೆ ಸ್ವಲ್ಪ ಕಡಮೆ ಸುತ್ತಿಕೊಳ್ಳುತ್ತದೆ. ಇಂಥ ಉಂಡೆಗಳು ಮಣಿಸರದಂತೆ ಸಾಲಾಗಿ, ಆ ಸರ ಮತ್ತೆ ಸುರುಳಿಗೊಂಡು, ಕುಣಿಕೆಗಳಾಗಿ ಮಡಿಕೆಗೊಳ್ಳುತ್ತದೆ. ತಮ್ಮ ಮನೆಯ ಟ್ರಂಕನ್ನೇ ನೆನೆದುಕೊಳ್ಳಿ: ದಿನವೂ ಉಡುವ ಸೀರೆ ಕೈಗೆ ಸಿಕ್ಕುವಂತೆ ಮೇಲಿರುತ್ತದೆ, ಧಾರೆಯ ಸೀರೆ ತಳದಲ್ಲಿ ಬಿಗಿಯಾಗಿ ಮಡಿಚಿರುತ್ತದೆ. ಕೋಶಕೇಂದ್ರದಲ್ಲಿಯೂ ಹೀಗೆಯೇ. ಸಡಿಲವಾಗಿರುವ ಭಾಗದ ವಂಶವಾಹಿಯನ್ನು ಕೋಶ ಓದಬಲ್ಲದು. ಬಿಗಿದ ಭಾಗದ್ದು ಬಹುಮಟ್ಟಿಗೆ ಮೌನ. 1928ರಷ್ಟು ಹಿಂದೆಯೇ ಎಮಿಲ್ ಹೈಟ್ಸ್ ಎಂಬ ಸಸ್ಯವಿಜ್ಞಾನಿ ಹಾವಸೆಯ ಕೋಶಗಳಲ್ಲಿ ಈ ಬಿಗಿದ ಭಾಗಗಳನ್ನು ಗುರುತಿಸಿದ್ದರು.

ಇರುವ ಜಾಗ ಬದಲಾದರೆ ವಂಶವಾಹಿಯ ವರ್ತನೆಯೂ ಬದಲಾಗುವುದುಂಟು. 1930ರಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಕ್ಷ-ಕಿರಣ ಹಾಯಿಸಿದಾಗ ಕೆಲವು ನೊಣಗಳ ಕೆಂಪು ಕಣ್ಣಿನಲ್ಲಿ ಬಿಳಿಯ ಮಚ್ಚೆಗಳು ಕಂಡವು. ಕಣ್ಣಿಗೆ ಬಣ್ಣ ಕೊಡುವ ವಂಶವಾಹಿ ಕೆಟ್ಟಿರಲಿಲ್ಲ; ವರ್ಣತಂತು ಮುರಿದು ಕೂಡಿಕೊಂಡಾಗ ಅದು ಬಿಗಿದ ಭಾಗದ ನೆರೆಗೆ ಹೋಗಿ ಸೇರಿತ್ತು, ಅಷ್ಟೆ. ಇನ್ನು ನಮ್ಮ ಮೊಳಕೆಯ ಮಾತಿಗೆ ಬರೋಣ. ಸಾಸಿವೆಯ ಕುಲದ ಒಂದು ಪುಟ್ಟ ಗಿಡದಲ್ಲಿ, ಕತ್ತಲೆಯಲ್ಲಿದ್ದ ಸಸಿ ಬೆಳಕು ಕಂಡೊಡನೆ ಹಸುರಿಗೆ ಸಂಬಂಧಿಸಿದ ಕೆಲವು ವಂಶವಾಹಿಗಳು ಕೋಶಕೇಂದ್ರದ ನಡುವಿನಿಂದ ಅಂಚಿನ ಕಡೆಗೆ ಸರಿಯುವುದನ್ನು 2014ರಲ್ಲಿ ವಿಜ್ಞಾನಿಗಳು ಕಂಡರು.

ದೂರದಲ್ಲಿರುವುದು ಹತ್ತಿರವಾಗುವುದೂ ಮಡಿಕೆಯಿಂದಲೇ. ಮುಸುಕಿನ ಜೋಳದ ಕಾಡುಪೂರ್ವಜ ಮೆಕ್ಸಿಕೋ ದೇಶದ ಒಂದು ಹುಲ್ಲು; ಅದು ಹಲವು ಕವಲೊಡೆಯುತ್ತದೆ. ನಮ್ಮ ಜೋಳ ಒಂಟಿ ಕಾಂಡವಾಗಿ ನಿಲ್ಲುತ್ತದೆ. ಕವಲನ್ನು ತಡೆಯುವ ವಂಶವಾಹಿ ಎರಡರಲ್ಲಿಯೂ ಉಂಟು. ಆದರೆ ಜೋಳದಲ್ಲಿ ಆ ವಂಶವಾಹಿಯಿಂದ ಸುಮಾರು 60,000 ಅಕ್ಷರಗಳಾಚೆ ಒಂದು ತುಣುಕು ಬಂದು ಸೇರಿ, ಅದನ್ನು ಹೆಚ್ಚು ದುಡಿಯುವಂತೆ ಮಾಡಿದೆ. ನೂಲು ಕುಣಿಕೆಯಾಗಿ ಬಾಗಿದಾಗ ಅಷ್ಟು ದೂರದ ತುಣುಕೂ ವಂಶವಾಹಿಯ ಪಕ್ಕಕ್ಕೆ ಬರುತ್ತದೆ.

ಈ ವಿಷಯ ನಮ್ಮ ಮುದ್ದೆಗೂ ಸಂಬಂಧಿಸಿದ್ದು. ಮಂಡ್ಯದ ಬಳಿ, ವಿಶ್ವೇಶ್ವರಯ್ಯ ನಾಲೆಯ ಹೆಸರನ್ನು ಹೊತ್ತಿರುವ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ನೂಲಿನ ಅಕ್ಷರಗಳನ್ನು ಓದುವ ಸಾಧನ ಅವರ ಬಳಿ ಇರಲಿಲ್ಲ. ತಳಿ ಬೆಳೆಸುವವರು ಸಾಲುಸಾಲಿನ ನಡುವೆ ನಡೆದು, ತೆಂಡೆ ಎಣಿಸಿ, ತೆನೆ ತೂಗಿ, ರೋಗ ತಗುಲಿದ್ದನ್ನು ತೆಗೆದುಹಾಕಿ, ವರ್ಷ ವರ್ಷವೂ ಆರಿಸಬೇಕು. ಹೀಗೆ ಬೆಳೆದು ನಿಂತ ಗಿಡವನ್ನೇ ನೋಡಿ ಆರಿಸುವವರು, ತಿಳಿದೋ ತಿಳಿಯದೆಯೋ, ನೂಲಿನ ಜೊತೆಗೆ ಅದರ ಮಡಿಕೆಯ ಫಲವನ್ನೂ ಆರಿಸುತ್ತಾರೆ.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂ.ಎಲ್. 365 ಎಂಬ ರಾಗಿ ತಳಿಯ ಅಕ್ಷರಮಾಲೆಯನ್ನು ಓದಿ ಪ್ರಕಟಿಸಿದರು. 85,000ಕ್ಕೂ ಮಿಕ್ಕ ವಂಶವಾಹಿಗಳನ್ನು ಗುರುತಿಸಿದರು. ಬರ ತಡೆಯುವ ಗುಣ ಎಲ್ಲಿದೆಯೆಂದು ಹುಡುಕಲು ಇದು ದೊಡ್ಡ ನೆರವು. ಆದರೆ ಮಳೆ ಕೈಕೊಟ್ಟ ವರ್ಷ ಆ ಗುಣ ಹೊಲದಲ್ಲಿ ಎಚ್ಚರಗೊಳ್ಳುವುದೇ ಇಲ್ಲವೇ ಎಂಬುದು ಅಕ್ಷರಗಳಿಂದಷ್ಟೇ ತಿಳಿಯದು. ಆದುದರಿಂದ ಪ್ರಯೋಗಶಾಲೆ ಎಷ್ಟೇ ಬೆಳೆದರೂ ವಿ.ಸಿ. ಫಾರಂನಂಥ ಹೊಲಗಳ ಕೆಲಸ ತಪ್ಪಿದ್ದಲ್ಲ. ಮುಂದಿನ ಸಲ ಮೊಳಕೆಯ ಗಂಟು ಬಿಚ್ಚುವಾಗ ತಾವು ಆ ಬೆಳ್ಳನೆಯ ಎಳೆಗಳನ್ನು ಒಂದು ಗಳಿಗೆ ನೋಡಿರಿ: ಹಸುರಿನ ವಿದ್ಯೆ ಅಲ್ಲಿ ಬೆಳಕಿಗಾಗಿ ಕಾದು ಕುಳಿತಿದೆ.