ಕರುಳಿಗೆ ಹಿಡಿದ ದೀಪ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆನಾಡಿನಲ್ಲಿ ಭೇದಿ, ಹೊಟ್ಟೆನೋವುಗಳನ್ನು ಕಾಣದ ಮನೆಯಿಲ್ಲ. ಗಂಜಿ, ಮಜ್ಜಿಗೆಗಳಿಂದ ಎರಡು ದಿನದಲ್ಲಿ ಶಮನವಾಗುವ ಬೇನೆಗೆ ಯಾರೂ ಅಂಜುವುದಿಲ್ಲ. ಆದರೆ ಭೇದಿಯು ತಿಂಗಳುಗಟ್ಟಲೆ ನಿಲ್ಲದೆ, ಮಲದಲ್ಲಿ ರಕ್ತ ಕಾಣಿಸಿಕೊಂಡು, ಮೈ ಸೊರಗತೊಡಗಿದರೆ ಅದನ್ನು ಮೂಲವ್ಯಾಧಿಯೆಂದು ಬಗೆದು ಕಾಲ ಕಳೆಯುವುದು ತರವಲ್ಲ.

ಕರುಳಿನಲ್ಲಿ ನೆಲೆಸುವ ದೀರ್ಘಕಾಲದ ಉರಿಯೂತಗಳಲ್ಲಿ ಎರಡು ಮುಖ್ಯವಾದವು. ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿನದು. ಗುದದ್ವಾರದ ಬಳಿ ತೊಡಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ ರೋಗವಾದರೋ ಅನ್ನಮಾರ್ಗದಲ್ಲಿ ಎಲ್ಲಿಯಾದರೂ, ನಡುನಡುವೆ ಸ್ವಸ್ಥಭಾಗವನ್ನು ಬಿಟ್ಟು, ತಲೆದೋರಬಲ್ಲದು.

ಇವನ್ನು ಕಣ್ಣಾರೆ ಕಾಣುವುದೆಂತು? 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮಾಲ್, ಕತ್ತಿ ನುಂಗುವ ಕಸುಬಿನವನೊಬ್ಬನ ಗಂಟಲಿಗೆ ನೆಟ್ಟನೆಯ ಕೊಳವೆಯನ್ನಿಳಿಸಿ ಜಠರವನ್ನು ನೋಡಲೆತ್ನಿಸಿದನು. ಬೆಳಕು ಸಾಲಲಿಲ್ಲ. ಅಂಕುಡೊಂಕಾದ ಕರುಳಿಗಂತೂ ಬಾಗುವ ಕೊಳವೆಯೇ ಬೇಕು. ನೂಲಿನಂಥ ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು 1954ರಲ್ಲಿ ಹಾಪ್‌ಕಿನ್ಸ್ ಹಾಗೂ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ತೋರಿಸಿದರು. 1957ರಲ್ಲಿ ಅಮೆರಿಕದಲ್ಲಿ ಹಿರ್ಷೋವಿಟ್ಸ್ ಅಂಥ ಎಂಡೋಸ್ಕೋಪನ್ನು ಪ್ರಯೋಗಿಸಿದರು. ಈಗ ಕೊಳವೆಯ ತುದಿಯಲ್ಲಿಯೇ ಪುಟ್ಟ ಕ್ಯಾಮೆರಾ ಇರುತ್ತದೆ. ಕಿತ್ತೂರಿನವರು ಈ ಪರೀಕ್ಷೆಗಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬಹುದು. ಕೊಳವೆಗೆ ಹೆದರುವವರೇ ಹೆಚ್ಚು; ನಿಜಕ್ಕೂ ಬೇಸರ ತರುವುದು ಹಿಂದಿನ ದಿನ ಔಷಧ ಕುಡಿದು ಕರುಳನ್ನು ತೊಳೆದುಕೊಳ್ಳುವ ಕೆಲಸ.

ಹಲವು ವರ್ಷ ಉರಿಯೂತಕ್ಕೆ ಒಳಗಾದ ದೊಡ್ಡ ಕರುಳಿನಲ್ಲಿ ಅರ್ಬುದದ ಮೊಳಕೆಗಳು ಚಪ್ಪಟೆಯಾಗಿದ್ದು ಕಣ್ಣು ತಪ್ಪಿಸಬಹುದು. ಆಗ ವೈದ್ಯರು ನೀಲಿ ಬಣ್ಣದ ದ್ರಾವಣವನ್ನು ಸಿಂಪಡಿಸುತ್ತಾರೆ. ಬೇಸಿಗೆಯಲ್ಲಿ ಬಿರಿದ ಎರೆಹೊಲದಲ್ಲಿ ಮಳೆನೀರು ಬಿರುಕುಗಳಿಗೆ ಇಳಿಯುವಂತೆ ಬಣ್ಣವು ಸೂಕ್ಷ್ಮ ತಗ್ಗುಗಳಲ್ಲಿ ನಿಂತು ಮೇಲ್ಮೈಯ ಏರುಪೇರನ್ನು ಎತ್ತಿ ತೋರುತ್ತದೆ. ಇನ್ನೊಂದು ವಿಧಾನದಲ್ಲಿ ಬಣ್ಣವೇ ಬೇಡ. ಬಿಳಿಯ ಬೆಳಕಿಗೆ ಬದಲಾಗಿ ಆಯ್ದ ನೀಲಿ, ಹಸುರು ಕಿರಣಗಳನ್ನು ಹಾಯಿಸುತ್ತಾರೆ. ರಕ್ತದ ಹಿಮೋಗ್ಲೋಬಿನ್ ಅವನ್ನು ಹೀರಿಕೊಳ್ಳುವುದರಿಂದ ರಕ್ತನಾಳಗಳ ಜಾಲವು ಕಪ್ಪಾಗಿ ಎದ್ದು ಕಾಣುತ್ತದೆ.

ಇಷ್ಟಾದರೂ ನಮ್ಮ ದೇಶದಲ್ಲಿ ಒಂದು ಕಠಿಣ ತೊಡಕು ಉಳಿದಿದೆ. ಕರುಳಿನ ಕ್ಷಯವೂ ಕ್ರೋನ್ ರೋಗವೂ ಸಣ್ಣ ಕರುಳಿನ ತುದಿಯಲ್ಲಿ ಒಂದೇ ಬಗೆಯ ಹುಣ್ಣುಗಳನ್ನು ಮಾಡಬಲ್ಲವು. ಕ್ಷಯದ ಹುಣ್ಣು ಹೆಚ್ಚಾಗಿ ಅಡ್ಡಲಾಗಿಯೂ ಕ್ರೋನ್‌ನದು ಉದ್ದಕ್ಕೂ ಇರುತ್ತದೆಂಬುದು ಒಂದು ಸುಳಿವು, ಅದೇ ನಿರ್ಣಾಯಕವಲ್ಲ. ಕ್ರೋನ್ ರೋಗಕ್ಕೆ ಕೊಡುವ ಸ್ಟೀರಾಯ್ಡ್ ಔಷಧಗಳು ದೇಹದ ರೋಗನಿರೋಧಶಕ್ತಿಯನ್ನು ಕುಗ್ಗಿಸುವುದರಿಂದ ಕ್ಷಯವಿದ್ದವನಿಗೆ ಪ್ರಾಣಾಂತಕವಾದಾವು. ಆದುದರಿಂದ ಎಂಡೋಸ್ಕೋಪಿನ ಮೂಲಕವೇ ಚಿಕ್ಕ ಚಿಮಟದಿಂದ ಅಂಗಾಂಶದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ, ಕ್ಷಯಾಣುವನ್ನು ಹುಡುಕುತ್ತಾರೆ. ಅದು ಸಿಕ್ಕದೆಯೂ ಸಂದೇಹ ಉಳಿದರೆ ಕೆಲವೊಮ್ಮೆ ಮೊದಲು ಕ್ಷಯಕ್ಕೆ ಔಷಧವನ್ನು ಕೊಟ್ಟು, ಎರಡು ಮೂರು ತಿಂಗಳ ಬಳಿಕ ಮತ್ತೆ ಕೊಳವೆಯನ್ನು ಹಾಯಿಸಿ, ಹುಣ್ಣು ಮಾಯ್ದಿದೆಯೇ ಎಂದು ನೋಡುತ್ತಾರೆ.