ದುರ್ವಾಸನೆ ಮರದ ಮದ್ದು

ಮನ್ರೋ ವಾಲ್ ಕ್ಯಾನ್ಸರಿನ ಗೋಜಿಗೇ ಹೋದವರಲ್ಲ. ಫಿಲಡೆಲ್ಫಿಯಾ ಬಳಿಯ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಅವರು ಅರಸುತ್ತಿದ್ದದ್ದು ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಗಿಡಮೂಲದ ಸ್ಟೀರಾಯ್ಡ್. 1957ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯ ಜೊನಾಥನ್ ಹಾರ್ಟ್‌ವೆಲ್ ಬಂದು, ಅಲ್ಲಿ ಕೂಡಿಟ್ಟಿದ್ದ ಸಾವಿರ ಗಿಡಗಳ ಸಾರ ಕೇಳಿದರು. ಮರುವರ್ಷ ಉತ್ತರ ಬಂತು: ಚೀನಾ ಮೂಲದ ಕ್ಯಾಂಪ್ಟೊಥೆಕಾ ಮರದ ಸಾರ ಇಲಿಗಳ ಒಂದು ಬಗೆಯ ಗಡ್ಡೆ ಕ್ಯಾನ್ಸರಿಗೆ ಕಡಿವಾಣ ಹಾಕಿತ್ತು.

ಕೃಷಿ ಪ್ರಯೋಗಾಲಯದಲ್ಲಿ ಕ್ಯಾನ್ಸರಿಗೇನು ಕೆಲಸ? 1960ರಲ್ಲಿ ವಾಲ್ ಉತ್ತರ ಕ್ಯಾರೊಲಿನಾದ ಸಂಶೋಧನಾ ಸಂಸ್ಥೆಗೆ ಹೊರಟುಬಿಟ್ಟರು. ಮಹಾರಾಷ್ಟ್ರದ ನಂದುರಬಾರಿನ ಮನ್ಸುಖ್ ವಾನಿ ಜೊತೆಯಾದರು. ಸಾರವನ್ನು ಬೇರ್ಪಡಿಸುವುದು, ಒಂದೊಂದು ಪಾಲನ್ನೂ ಇಲಿಗಳ ಮೇಲೆ ಪರೀಕ್ಷಿಸುವುದು, ಫಲಿತಾಂಶಕ್ಕೆ ಕಾಯುವುದು, ಮತ್ತೆ ಬೇರ್ಪಡಿಸುವುದು. ಕೊನೆಗೆ ಉಳಿದ ತಿಳಿಹಳದಿ ಹರಳಿನ ರಚನೆ 1966ರಲ್ಲಿ ಪ್ರಕಟವಾಯಿತು.

ಹರಳೋ ನೀರಿನಲ್ಲಿ ಕರಗದು! ರೋಗಿಯ ರಕ್ತನಾಳಕ್ಕೆ ಚುಚ್ಚುವುದು ಹೇಗೆ? ಅಣುವಿನ ಒಂದು ಉಂಗುರ ಬಿಡಿಸಿ ಸೋಡಿಯಂ ಲವಣ ಮಾಡಿದರು, ಕರಗಿತು. ರೋಗಿಗಳಿಗೆ ಕೊಟ್ಟರೆ ಗುಣ ಕಡಿಮೆ, ಉಪದ್ರವ ಹೆಚ್ಚು. ಮೂತ್ರದಲ್ಲಿ ರಕ್ತ ಕಂಡಿತು. ಪ್ರಯೋಗವನ್ನೇ ಕೈಬಿಟ್ಟರು.

ಅದೇ ಹೊತ್ತಿಗೆ, 1972ರಲ್ಲಿ, ಮುಂಬಯಿಯ ಸೀಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ಹರಳನ್ನು ಪಶ್ಚಿಮ ಘಟ್ಟದ ಸಣ್ಣ ಮರವೊಂದರಲ್ಲಿ ಕಂಡರು, ಅದೂ ಚೀನಾದ ಮರಕ್ಕಿಂತ ಹಲವು ಪಟ್ಟು ಹೆಚ್ಚಾಗಿ. ಹಾವೇರಿಯಿಂದ ಹಾನಗಲ್ ದಾಟಿ ಶಿರಸಿಯ ಕಡೆ ಹೊರಟರೆ ಶುರುವಾಗುವ ಮಲೆನಾಡಿಗೆ ಅದು ದುರ್ವಾಸನೆ ಮರ. ಹೂ ಬಿಟ್ಟಾಗ ಮೂಗು ಮುಚ್ಚಿಕೊಳ್ಳಬೇಕು. ಮರ ಸಿಕ್ಕಿತು, ಮದ್ದು ಮಾತ್ರ ಮೂಲೆಗೆ ಬಿದ್ದಿತ್ತು.

ಗಂಟು ಬಿಚ್ಚಿದ್ದು 1985ರಲ್ಲಿ, ಲೆರಾಯ್ ಲಿಯು ತಂಡದಿಂದ. ಜೀವಕೋಶ ಇಬ್ಬಾಗವಾಗುವ ಮುನ್ನ ಹಗ್ಗದಂತೆ ಹುರಿಗೊಂಡ ಡಿಎನ್ಎಯ ಒಂದು ಎಳೆಯನ್ನು ಟೊಪೊಐಸೊಮರೇಸ್ ಎಂಬ ಕಿಣ್ವ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಕೂಡಿಸುತ್ತದೆ. ಈ ಮದ್ದು ಕತ್ತರಿಸಿದ ಜಾಗದಲ್ಲೇ ಸಿಕ್ಕಿಕೊಂಡು ಕೂಡಲು ಬಿಡದು, ಕೋಶ ಸಾಯುತ್ತದೆ. ಅದಕ್ಕೆ ಆ ಉಂಗುರ ಇಡಿಯಾಗಿರಬೇಕು. ಕರಗಿಸಲೆಂದು ಬಿಡಿಸಿದ್ದು ಮದ್ದಿನ ಪ್ರಾಣವನ್ನೇ! ಆಮ್ಲೀಯ ಮೂತ್ರದಲ್ಲಿ ಉಂಗುರ ಮತ್ತೆ ಕೂಡಿಕೊಂಡು ಮೂತ್ರಕೋಶವನ್ನು ಸುಟ್ಟಿತ್ತು. ಉಂಗುರ ಉಳಿಸಿಕೊಂಡೇ ಕರಗುವ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಅದರ ರೂಪಗಳು 1996ರಲ್ಲಿ ಅಮೆರಿಕದ ಒಪ್ಪಿಗೆ ಪಡೆದವು.

ಅಲ್ಲಿಗೆ ಘಟ್ಟದ ಮರಕ್ಕೆ ಕಂಟಕ ಬಂತು. ಬೇಡಿಕೆ ಏರಿ ಮರಗಳು ಬೇರುಸಹಿತ ಉರುಳಿದವು. ಮರ ಕಡಿಯದೆ ಮದ್ದು ಪಡೆಯಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅದರೊಳಗೆ ಬದುಕುವ ಶಿಲೀಂಧ್ರಗಳನ್ನು ಬೆಳೆಸಿದರು. ಅವು ಆ ಹರಳನ್ನು ತಯಾರಿಸಿದವು ಕೂಡ. ಆದರೆ ತಲೆಮಾರಿನಿಂದ ತಲೆಮಾರಿಗೆ ಪ್ರಮಾಣ ಇಳಿಯುತ್ತಲೇ ಹೋಯಿತು.