ಗಾಡಿಯ ಮೇಲಿನ ಮಾತಾಡುವ ಪೆಟ್ಟಿಗೆ

ಪ್ರಶ್ನೆ: ದುಡ್ಡು ಕಳಿಸಿದ್ದು ಗ್ರಾಹಕರ ಮೊಬೈಲಿನಲ್ಲೇ ಕಾಣುತ್ತದಲ್ಲ, ತರಕಾರಿ ಗಾಡಿಯವರಿಗೂ ಮೊತ್ತ ಕೂಗಿ ಹೇಳುವ ಪೆಟ್ಟಿಗೆ ಯಾಕೆ ಬೇಕು?

ಉತ್ತರ: ಕಾಣುವುದು ಗ್ರಾಹಕರ ಪರದೆ, ಅದನ್ನು ನಂಬಿ ಕೆಟ್ಟವರಿದ್ದಾರೆ. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ, ನಕಲಿ ಆ್ಯಪ್ ತೋರಿಸಿ ಸಾಮಾನು ಒಯ್ದವರುಂಟು. ಸಂಜೆಯ ಗದ್ದಲದಲ್ಲಿ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಸೊಪ್ಪಿನ ಕಟ್ಟು ಹಿಡಿದವರು ಎಸ್ಸೆಮ್ಮೆಸ್ ತೆರೆದು ನೋಡುವುದು ಯಾವಾಗ? ಓದು ಬಾರದವರ ಪಾಡು ಇನ್ನೂ ಕಷ್ಟ.

ಸೌಂಡ್‌ಬಾಕ್ಸ್ ಎನ್ನುವ ಈ ಪೆಟ್ಟಿಗೆಗೆ ಸಾಮಾನ್ಯವಾಗಿ ಅದರದ್ದೇ ಸಿಮ್ ಇರುತ್ತದೆ. ಪಾವತಿ ಪೂರ್ಣವಾದ ಸುದ್ದಿ ಕಂಪನಿಯ ಸರ್ವರ್‌ನಿಂದ ಅದಕ್ಕೆ ಬರುತ್ತದೆ, ಗ್ರಾಹಕರ ಫೋನಿನಿಂದಲ್ಲ. ಕನ್ನಡದಲ್ಲೂ ಮೊತ್ತ ಹೇಳುತ್ತದೆ. ಮೊಬೈಲಿನಿಂದ ಹಣ ಕಳಿಸುವ ಯುಪಿಐ ವ್ಯವಸ್ಥೆ ಶುರುವಾದದ್ದು 2016ರಲ್ಲಿ. ಅದು ಸಂತೆಯ ತನಕ ತಲುಪಲು ಈ ದನಿಯೂ ದೊಡ್ಡ ಆಸರೆಯಾಯಿತು ಎಂದು ನಾನು ನಂಬಿದ್ದೇನೆ. ಜನ ಯಂತ್ರಕ್ಕೆ ಒಗ್ಗಿಕೊಂಡಷ್ಟೇ ಯಂತ್ರವೂ ಅವರ ಕಿವಿಗೆ ಒಗ್ಗಿಕೊಂಡಿತು.

ಪೆಟ್ಟಿಗೆಗೆ ತಡೆಯಲಾಗದ ಮೋಸಗಳೂ ಇವೆ. ಅಂಗಡಿಯ ಕ್ಯೂಆರ್ ಮೇಲೆ ಬೇರೆಯವರ ಚೀಟಿ ಅಂಟಿಸಿದರೆ ಪೆಟ್ಟಿಗೆ ಸುಮ್ಮನಿರುತ್ತದೆ, ಆಗಲೇ ಎಚ್ಚರಾಗಬೇಕು. ‘ಹಣ ಹಾಕುತ್ತೇವೆ, ಪಿನ್ ಒತ್ತಿ’ ಎಂದು ಯಾರಾದರೂ ಫೋನ್ ಮಾಡಿದರೆ ಒತ್ತಲೇಬೇಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಗ್ರಾಹಕರಲ್ಲಿ ಒಂದು ಕೋರಿಕೆ: ನೆಟ್‌ವರ್ಕ್ ನಿಧಾನವಿದ್ದಾಗ ಪೆಟ್ಟಿಗೆ ಮಾತಾಡುವ ತನಕ ಅರೆಕ್ಷಣ ಗಾಡಿಯ ಬಳಿ ನಿಲ್ಲಿ.